ಮಡಕೆ ಒಡೆದವರು ಯಾರು?

ಇಂಗ್ಲಿಷಿನ ‘ಫ್ರೀ ವಿಲ್’ಗೆ ಕನ್ನಡದಲ್ಲಿ ಏನಂತಾರೆ ಅಂತ ಗೆಳೆಯನೊಬ್ಬ ಕೇಳಿದ. ಯೋಚಿಸಿದಷ್ಟೂ ಸರಿಯಾಗಿ ಕೂರುವ ಪದ ಸಿಗುತ್ತಿಲ್ಲ ಮಾರಾಯ್ರೆ. ‘ಸ್ವೇಚ್ಛೆ’ ಅನ್ನೋಣ ಅಂದರೆ ಆ ಪದದ ಹೆಸರು ಕೆಡಿಸಿಟ್ಟಿದ್ದೇವೆ. ಮಗಳು ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ಸ್ವೇಚ್ಛೆ, ಮಗ ಹನ್ನೆರಡಕ್ಕೆ ಬಂದರೆ ಪಾಪ ಏನೋ ಕೆಲಸ ಇತ್ತಂತೆ! ‘ಇಚ್ಛಾಸ್ವಾತಂತ್ರ್ಯ’ ಅನ್ನುವುದು ಪಿಯುಸಿ ತರ್ಕಶಾಸ್ತ್ರದ ಪುಸ್ತಕದಿಂದ ಎದ್ದು ಬಂದ ಹಾಗಿದೆ. ‘ಪುರುಷ ಪ್ರಯತ್ನ’ ಅಂತ ಹಳಬರು ಹೇಳುತ್ತಿದ್ದರು. ಹತ್ತಿರ ಬರುತ್ತದೆ, ಆದರೆ ಅದು ಪ್ರಯತ್ನದ ಮಾತು, ಆಯ್ಕೆಯ ಮಾತಲ್ಲ.

ಅದೇ ಎದುರು ಪಾರ್ಟಿಯ ಕಡೆ ನೋಡಿ. ವಿಧಿ, ದೈವ, ಹಣೆಬರಹ, ಪ್ರಾರಬ್ಧ, ಗ್ರಹಚಾರ, ಯೋಗ, ಋಣ, ಪಡೆದುಕೊಂಡು ಬಂದದ್ದು, ಕೇಳಿಕೊಂಡು ಬಂದದ್ದು... ಇಡೀ ಸೈನ್ಯವೇ ಇದೆ. ಸಾಲದ್ದಕ್ಕೆ ಕಾಲವನ್ನೂ ಅದೇ ಪಕ್ಷಕ್ಕೆ ಸೇರಿಸಿಕೊಂಡಿದ್ದೇವೆ. ಯಾರಾದರೂ ಸತ್ತರೆ ‘ಕಾಲವಾದರು’. ಮದುವೆಯಾಗದಿದ್ದರೆ ‘ಕಾಲ ಕೂಡಿ ಬಂದಿಲ್ಲ’. ವ್ಯಾಪಾರ ಕೈಕೊಟ್ಟರೆ ‘ಟೈಮ್ ಸರಿ ಇಲ್ಲ’. ನಮ್ಮ ಮಾತಿನಲ್ಲಿ ಕಾಲ ಅಂದರೆ ಗೋಡೆ ಮೇಲಿನ ಗಡಿಯಾರವಲ್ಲ, ಏನೋ ಒಂದು ಕೆಲಸ ಮಾಡುವ ಆಸಾಮಿ.

ಹಾಗಂತ ನಾವೆಲ್ಲ ವಿಧಿವಾದಿಗಳು ಅಂತ ನಾನು ಒಪ್ಪುವುದಿಲ್ಲ. ಪಂಚಾಂಗ ತೆಗೆದು ರಾಹುಕಾಲ ತಪ್ಪಿಸಿ ಮನೆಯಿಂದ ಹೊರಡುವವನನ್ನೇ ನೋಡಿ. ಎಲ್ಲ ಮೊದಲೇ ಬರೆದಿದ್ದರೆ ಒಂದೂವರೆ ಗಂಟೆ ತಡವಾಗಿ ಹೊರಟು ಏನನ್ನು ತಪ್ಪಿಸಿದ ಹಾಗಾಯಿತು? ಜಾತಕ ತೋರಿಸುವವನೂ ಅಷ್ಟೇ, ‘ದೋಷ ಇದೆ’ ಅಂದ ತಕ್ಷಣ ‘ಪರಿಹಾರ ಏನು?’ ಅಂತ ಕೇಳುತ್ತಾನೆ. ಅಂದರೆ ಬ್ರಹ್ಮ ಬರೆದದ್ದನ್ನು ಒಂದು ಹೋಮದ ಖರ್ಚಿನಲ್ಲಿ ತಿದ್ದಬಹುದು ಅಂತ ನಂಬಿದವನು ಅವನು. ನನ್ನ ಪ್ರಕಾರ ಅವನಿಗಿಂತ ದೊಡ್ಡ ಸ್ವತಂತ್ರವಾದಿ ಇಲ್ಲ :) ಪಂಚಾಂಗದ ಜಾಣತನ ಬೇರೆ ಕಡೆ ಇದೆ. ಅದೇ ಪುಸ್ತಕದಲ್ಲಿ ಗ್ರಹಣದ ಹೊತ್ತನ್ನೂ ಕೊಟ್ಟಿರುತ್ತಾರೆ, ಗ್ರಹಣ ಹೇಳಿದ ಹೊತ್ತಿಗೆ ಬಂದೇ ಬರುತ್ತದೆ. ಚಂದ್ರನ ಆ ನಿಯತ್ತಿನ ಸಾಲವನ್ನು ಪಕ್ಕದ ಪುಟದ ರಾಶಿಫಲ ಎತ್ತಿಕೊಂಡು ಬದುಕುತ್ತಿದೆ.

ನಿಜವಾಗಿಯೂ, ಪೂರ್ತಿಯಾಗಿ, ಪರಿಹಾರದ ಕಿಟಕಿಯನ್ನೂ ಮುಚ್ಚಿ ವಿಧಿಯನ್ನು ನಂಬಿದವರು ಅಪರೂಪ. ನಮ್ಮ ದೇಶದಲ್ಲಿ ಅಂಥವನೊಬ್ಬ ಇದ್ದ. ಮಕ್ಖಲಿ ಗೋಸಾಲ. ಬುದ್ಧ ಮತ್ತು ಮಹಾವೀರರ ಕಾಲದವನು, ಆಜೀವಿಕರ ಗುರು. ಆಜೀವಿಕರೇನೂ ನಾಲ್ಕು ಜನರ ಗುಂಪಾಗಿರಲಿಲ್ಲ. ಅಶೋಕ ಗಯಾ ಹತ್ತಿರದ ಬರಾಬರ್ ಬೆಟ್ಟದಲ್ಲಿ ಅವರಿಗೆ ಗುಹೆಗಳನ್ನು ದಾನ ಕೊಟ್ಟಿದ್ದಾನೆ, ಶಾಸನ ಈಗಲೂ ಇದೆ. ಎ.ಎಲ್. ಬಾಷಮ್ 1951ರಲ್ಲಿ ಅವರ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಉತ್ತರದಲ್ಲಿ ಅಳಿದ ಮೇಲೂ ಹಳೆ ಮೈಸೂರಿನ ಪೂರ್ವ ಭಾಗದಲ್ಲಿ ಮತ್ತು ಅದಕ್ಕೆ ಹತ್ತಿದ ತಮಿಳು ನಾಡಿನಲ್ಲಿ ಸುಮಾರು 14ನೇ ಶತಮಾನದವರೆಗೆ ಆಜೀವಿಕರು ಉಳಿದಿದ್ದರು ಅನ್ನುತ್ತಾರೆ ಬಾಷಮ್. ಅಂದರೆ ನಮ್ಮ ಕೋಲಾರದ ಕಡೆಯ ಯಾವುದೋ ಅರಳಿಕಟ್ಟೆಯಲ್ಲಿ ಕೂತು ‘ಎಲ್ಲ ನಿಯತಿ, ಯಾರ ಪ್ರಯತ್ನವೂ ಇಲ್ಲ’ ಅಂತ ಪಾಠ ಹೇಳಿದವರು ಇದ್ದಿರಬಹುದು. ಅವರ ಸ್ವಂತ ಗ್ರಂಥ ಒಂದೂ ಉಳಿದಿಲ್ಲ. ನಮಗೆ ಸಿಕ್ಕಿರುವುದೆಲ್ಲ ಬೌದ್ಧರು, ಜೈನರು ಹೇಳಿದ್ದು, ಅಂದರೆ ಎದುರಾಳಿಗಳು ಹೇಳಿದ್ದು. ಸ್ವಲ್ಪ ಉಪ್ಪುಖಾರ ಬಿದ್ದಿರುತ್ತದೆ ಅಂತ ಗಮನದಲ್ಲಿಟ್ಟುಕೊಂಡೇ ಓದಬೇಕು.

ಬೌದ್ಧರ ಸಾಮಞ್ಞಫಲ ಸುತ್ತದಲ್ಲಿ ಗೋಸಾಲನ ವಾದದ ಸಾರಾಂಶ ಇದೆ. ಜೀವಿಗಳು ಕೆಡುವುದಕ್ಕೂ ಕಾರಣ ಇಲ್ಲ, ಶುದ್ಧರಾಗುವುದಕ್ಕೂ ಕಾರಣ ಇಲ್ಲ. ಶಕ್ತಿ, ಪ್ರಯತ್ನ ಅನ್ನುವುದೇ ಇಲ್ಲ. 84 ಲಕ್ಷ ಮಹಾಕಲ್ಪಗಳ ಲೆಕ್ಕ ಮುಗಿಯಬೇಕು, ಅಷ್ಟರಲ್ಲಿ ಮೂರ್ಖನೂ ಜಾಣನೂ ಅದೇ ದಾರಿ ಸವೆಸಿ ಅದೇ ಕಡೆಗೆ ತಲುಪುತ್ತಾರೆ. ಅದಕ್ಕೊಂದು ಹೋಲಿಕೆ ಕೊಡುತ್ತಾನೆ, ದಾರದ ಉಂಡೆಯನ್ನು ಎಸೆದರೆ ಅದು ಇರುವ ದಾರ ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತಾ ಉರುಳುತ್ತದಲ್ಲ, ಹಾಗೆ. ಕಾಲದ ಬಗ್ಗೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ಮುಂದೆ ಬರುವುದು ಹೊಸದಾಗಿ ಹುಟ್ಟುವುದಲ್ಲ, ಉಂಡೆಯೊಳಗೆ ಆಗಲೇ ಸುತ್ತಿಟ್ಟಿದೆ.

ಅವನಿಗೆ ಈ ತಲೆ ಎಲ್ಲಿಂದ ಬಂತು? ಜೈನರ ಭಗವತೀ ಸೂತ್ರದಲ್ಲಿ ಒಂದು ಕಥೆ ಇದೆ. ಗೋಸಾಲ ಮತ್ತು ಮಹಾವೀರ ಒಂದು ಕಾಲದಲ್ಲಿ ಜೊತೆಯಾಗಿ ತಿರುಗಿದವರು. ದಾರಿಯಲ್ಲಿ ಒಂದು ಎಳ್ಳಿನ ಗಿಡ ಕಂಡಿತು. ಇದು ಕಾಯಿ ಬಿಡುತ್ತಾ ಅಂತ ಗೋಸಾಲ ಕೇಳಿದ. ಬಿಡುತ್ತದೆ, ಏಳು ಹೂವಿನ ಜೀವಗಳು ಏಳು ಕಾಳಾಗಿ ಒಂದೇ ಕಾಯಲ್ಲಿ ಹುಟ್ಟುತ್ತವೆ ಅಂದ ಮಹಾವೀರ. ಗೋಸಾಲ ಹಿಂದೆ ಉಳಿದು, ಸದ್ದಿಲ್ಲದೆ ಗಿಡವನ್ನು ಬೇರುಸಮೇತ ಕಿತ್ತು ಬಿಸಾಡಿದ. ಈಗ ಹೇಗೆ ಬಿಡುತ್ತೋ ನೋಡೋಣ! ಅಷ್ಟರಲ್ಲಿ ಮಳೆ ಬಂತು, ಗಿಡ ಮತ್ತೆ ಬೇರೂರಿತು. ವಾಪಸ್ಸು ಬರುವಾಗ ನೋಡಿದರೆ ಕಾಯಲ್ಲಿ ಏಳು ಕಾಳು.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಮಳೆಯಲ್ಲ, ಗಿಡ ಕಿತ್ತ ಆ ಕ್ಷಣ. ಭವಿಷ್ಯ ಗೊತ್ತಾದ ಕೂಡಲೇ ಅದನ್ನು ಸುಳ್ಳು ಮಾಡಬೇಕು ಅನ್ನುವ ಕೈ ತುರಿಕೆ ಇದೆಯಲ್ಲ, ಅದು ಮನುಷ್ಯನದ್ದು. ಮುಂದೆ ನಿಯತಿಯ ದೊಡ್ಡ ವಕ್ತಾರ ಆದವನಿಗೇ ಅದು ಇತ್ತು.

ಇನ್ನೊಂದು ಕಥೆ ಜೈನರದ್ದೇ, ಉವಾಸಗದಸಾಓ ಅನ್ನುವ ಗ್ರಂಥದ ಏಳನೇ ಅಧ್ಯಾಯ. ಪೋಲಾಸಪುರ ಅನ್ನುವ ಊರಲ್ಲಿ ಸದ್ದಾಲಪುತ್ತ ಅನ್ನುವ ಕುಂಬಾರ, ಆಜೀವಿಕರ ಅನುಯಾಯಿ. ಸಣ್ಣ ಕುಂಬಾರನಲ್ಲ, ಐನೂರು ಅಂಗಡಿ ಇದ್ದವನು. ಮಹಾವೀರ ಅಲ್ಲಿಗೆ ಬಂದಾಗ ಇವನು ಮಡಕೆಗಳನ್ನು ಬಿಸಿಲಿಗೆ ಒಣಗಿಸುತ್ತಿದ್ದ. ಈ ಮಡಕೆ ಹೇಗಾಯಿತಪ್ಪ ಅಂತ ಮಹಾವೀರ ಕೇಳಿದ. ಮಣ್ಣು ತಂದೆವು, ನೀರು ಕಲಸಿದೆವು, ಬೂದಿ ಸಗಣಿ ಬೆರೆಸಿದೆವು, ತಿಗರಿ ಮೇಲೆ ಇಟ್ಟೆವು ಅಂದ ಕುಂಬಾರ. ಹಾಗಾದರೆ ಇದು ಪ್ರಯತ್ನದಿಂದ ಆಯಿತೋ, ಪ್ರಯತ್ನ ಇಲ್ಲದೆ ಆಯಿತೋ? ಕುಂಬಾರ ಪಕ್ಕಾ ಶಿಷ್ಯ, ಪ್ರಯತ್ನ ಇಲ್ಲದೇ ಆಯಿತು, ಎಲ್ಲ ನಿಯತ ಅಂದ. ಸರಿ, ಯಾರಾದರೂ ಬಂದು ಈ ಮಡಕೆಗಳನ್ನು ಕದ್ದರೆ, ಒಡೆದುಹಾಕಿದರೆ, ನಿನ್ನ ಹೆಂಡತಿ ಮೇಲೆ ಕೈ ಹಾಕಿದರೆ ಏನು ಮಾಡುತ್ತೀಯ? ಬೈಯುತ್ತೇನೆ, ಕಟ್ಟಿ ಹೊಡೆಯುತ್ತೇನೆ, ಕೊಂದೇ ಬಿಡುತ್ತೇನೆ ಅಂದ ಕುಂಬಾರ. ಯಾಕೆ ಹೊಡೆಯುತ್ತೀ, ಪ್ರಯತ್ನ ಅನ್ನುವುದೇ ಇಲ್ಲದಿದ್ದರೆ ಅವನು ಏನನ್ನೂ ಒಡೆದೇ ಇಲ್ಲವಲ್ಲ?

ಕುಂಬಾರ ಸೋತ, ಜೈನನಾದ ಅನ್ನುತ್ತದೆ ಗ್ರಂಥ. ನಿಜ ಹೇಳಬೇಕೆಂದರೆ ಅವನು ಅಷ್ಟು ಬೇಗ ಸೋಲಬೇಕಾಗಿರಲಿಲ್ಲ. ‘ಅವನು ಒಡೆದದ್ದೂ ನಿಯತಿ, ನಾನು ಬಾರಿಸುವುದೂ ನಿಯತಿ’ ಅನ್ನಬಹುದಿತ್ತು. ಗ್ರೀಸಿನ ಝೀನೋ ಬಗ್ಗೆ ಇಂಥದ್ದೇ ಕಥೆ ಇದೆ. ಕದ್ದು ಸಿಕ್ಕಿಬಿದ್ದ ಆಳು ‘ಕದಿಯಬೇಕು ಅಂತ ನನ್ನ ಹಣೆಯಲ್ಲಿ ಬರೆದಿತ್ತು’ ಅಂದನಂತೆ, ‘ಏಟು ತಿನ್ನಬೇಕು ಅಂತಲೂ ಬರೆದಿದೆ’ ಅಂದನಂತೆ ಝೀನೋ. ಅಲ್ಲಿಗೆ ತರ್ಕ ಮುಗಿಯಿತು. ಎಲ್ಲವೂ ನಿಯತ ಅನ್ನುವವನನ್ನು ವಾದದಲ್ಲಿ ಸೋಲಿಸಲು ಆಗುವುದಿಲ್ಲ. ಸೋತದ್ದನ್ನೂ ಅವನು ದಾರದ ಉಂಡೆಗೆ ಸೇರಿಸಿಕೊಳ್ಳುತ್ತಾನೆ.

ಆದರೂ ಮಹಾವೀರನ ಪ್ರಶ್ನೆ ಬಿಡುವ ಹಾಗಿಲ್ಲ. ಅದು ವಿಧಿ ಇದೆಯೋ ಇಲ್ಲವೋ ಅಂತ ಕೇಳುತ್ತಿಲ್ಲ. ಆ ಮಾತನ್ನು ನೀನು ಯಾವಾಗ ತೆಗೆಯುತ್ತೀಯ, ಯಾವಾಗ ಒಳಗಿಡುತ್ತೀಯ ಅಂತ ಕೇಳುತ್ತಿದೆ. ಸದ್ದಾಲಪುತ್ತ ಆ ವಿಷಯದಲ್ಲಿ ನಮಗಿಂತ ಎಷ್ಟೋ ವಾಸಿ. ಕನಿಷ್ಠ ತಾನು ಮಾಡಿದ ಮಡಕೆ ತನ್ನ ಹೆಚ್ಚುಗಾರಿಕೆ ಅಲ್ಲ ಅಂತ ಒಪ್ಪಿದ. ನಾವು? ನಮ್ಮ ಮಡಕೆ ನಮ್ಮ ಸ್ವಂತ ದುಡಿಮೆ, ಬೇರೆಯವರ ಒಡೆದ ಮಡಕೆ ಅವರ ಹಣೆಬರಹ. ಬೆಂಗಳೂರಿನಲ್ಲಿ ಫ್ಲಾಟು ತಗೊಂಡವನು ಅದು ಯೋಗ ಅನ್ನುವುದಿಲ್ಲ, ‘ಎಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ’ ಅನ್ನುತ್ತಾನೆ. ಅದೇ ಫ್ಲಾಟಿಗೆ ಕೆಲಸಕ್ಕೆ ಬರುವ ಹೆಂಗಸಿನ ಮಗಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರೆ ‘ಪಾಪ, ಅವಳ ಹಣೆಬರಹ’.

ಇಲ್ಲಿ ವಿಜ್ಞಾನದ ಮಾತು ಬರಲೇಬೇಕು, ಯಾಕೆಂದರೆ ಈಗಿನ ಗೋಸಾಲರು ಲ್ಯಾಬ್ ಕೋಟು ಹಾಕಿಕೊಂಡು ಬರುತ್ತಾರೆ. ಅಮೆರಿಕದ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ನೀವೂ ಓದಿರುತ್ತೀರಿ. ತಲೆಗೆ ತಂತಿ ಅಂಟಿಸಿ ಕೂರಿಸುತ್ತಾರೆ, ಎದುರಿಗೆ ಗಡಿಯಾರದಂಥ ವೃತ್ತದಲ್ಲಿ ಒಂದು ಚುಕ್ಕಿ ತಿರುಗುತ್ತಿರುತ್ತದೆ. ಮನಸ್ಸು ಬಂದಾಗ ಕೈ ಬಾಗಿಸಿ, ಮನಸ್ಸು ಬಂದ ಕ್ಷಣ ಚುಕ್ಕಿ ಎಲ್ಲಿತ್ತು ಹೇಳಿ. ಕೈ ಆಡುವುದಕ್ಕೆ ಸುಮಾರು 0.2 ಸೆಕೆಂಡು ಮೊದಲು ‘ಮನಸ್ಸು ಬಂತು’ ಅಂದರು ಜನ. ಆದರೆ ಮಿದುಳಿನಲ್ಲಿ ತಯಾರಿಯ ಅಲೆ ಸುಮಾರು 0.55 ಸೆಕೆಂಡು ಮೊದಲೇ ಎದ್ದಿತ್ತು. ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ, ಫ್ರೀ ವಿಲ್ ಸತ್ತಿತು ಅಂತ ಹಲವರು ಡಂಗುರ ಹೊಡೆದರು. ಲಿಬೆಟ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಮನಸ್ಸು ಬಂದ ಮೇಲೂ ‘ಬೇಡ’ ಅನ್ನುವಷ್ಟು ಹೊತ್ತು ಉಳಿದಿದೆ ಅಂದರು. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಗಾರರು ಆ ಅಲೆ ನಿರ್ಧಾರವೇ ಅಲ್ಲದಿರಬಹುದು, ಮಿದುಳಿನ ಸಹಜ ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಆಡುತ್ತಿರಬಹುದು ಅಂತ ತೋರಿಸಿ ಡಂಗುರದ ಸದ್ದು ತಗ್ಗಿಸಿದರು.

ನನಗೆ ಲಿಬೆಟ್ ಓದಿದಾಗ ಅಂಥ ಆಘಾತವೇನೂ ಆಗಲಿಲ್ಲ. ಕನ್ನಡದಲ್ಲಿ ನಾವು ಹೇಗೂ ‘ನಾನು ಸಿಟ್ಟು ಮಾಡಿದೆ’ ಅನ್ನುವುದಕ್ಕಿಂತ ‘ನನಗೆ ಸಿಟ್ಟು ಬಂತು’ ಅನ್ನುವುದೇ ಹೆಚ್ಚು. ನಿದ್ದೆ ಬಂತು, ನೆನಪು ಬಂತು, ಮನಸ್ಸು ಬಂತು. ‘ಕೈ ಎತ್ತಬೇಕು ಅನ್ನಿಸಿತು, ಎತ್ತಿದೆ.’ ಈ ವಾಕ್ಯದಲ್ಲಿ ಎರಡು ಕ್ರಿಯಾಪದ ಇವೆ ನೋಡಿ. ಅನ್ನಿಸಿದ್ದು ನನ್ನ ಕೆಲಸ ಅಂತ ನಮ್ಮ ವ್ಯಾಕರಣ ಯಾವತ್ತೂ ಹೇಳಿಲ್ಲ, ಅದು ‘ನನಗೆ’ ಬಂದದ್ದು. ಎತ್ತಿದ್ದು ಮಾತ್ರ ‘ನಾನು’. ಬಾರಿಸಬೇಕು ಅನ್ನಿಸಿದವರೆಲ್ಲ ಬಾರಿಸುವುದಿಲ್ಲ. ಜವಾಬ್ದಾರಿ ಇರುವುದು ಆ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ, ಮೊದಲನೆಯದರ ಹಿಂದೆ ಅಲ್ಲ.

ಕ್ವಾಂಟಂ ಲೋಕದಲ್ಲಿ ಆಕಸ್ಮಿಕ ಇದೆ, ಅದರಿಂದ ಸ್ವಾತಂತ್ರ್ಯ ಬಂತು ಅನ್ನುವವರಿದ್ದಾರೆ. ಒಪ್ಪಲಾರೆ. ನನ್ನ ಕೈ ದಾಳ ಬಿದ್ದ ಹಾಗೆ ಆಡಿದರೆ ಅದು ನನ್ನ ಆಯ್ಕೆ ಹೇಗಾಗುತ್ತದೆ?

ಗೋಸಾಲನ ದಾರದ ಉಂಡೆಗೆ ನಿಜವಾಗಿ ಹತ್ತಿರ ಬಂದದ್ದು ಐನ್‌ಸ್ಟೈನ್. ಅವರ 1905ರ ಸಿದ್ಧಾಂತದ ಪ್ರಕಾರ ‘ಈಗ’ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ವೇಗವಾಗಿ ಸಾಗುತ್ತಿರುವ ಇಬ್ಬರಿಗೆ, ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಅನ್ನುವುದೇ ಬೇರೆ ಬೇರೆ ಆಗಬಹುದು. ಹಾಗಾದರೆ ಎಲ್ಲರಿಗೂ ಒಟ್ಟಿಗೆ ಹುಟ್ಟುವ ವರ್ತಮಾನ ಇಲ್ಲ. ಹಿಂದಿನದು, ಮುಂದಿನದು ಎಲ್ಲ ಒಂದೇ ನಕಾಶೆಯಲ್ಲಿ ಹಾಸಿಕೊಂಡಿದೆ ಅಂತ ಅನೇಕ ಭೌತವಿಜ್ಞಾನಿಗಳು, ತತ್ವಜ್ಞಾನಿಗಳು ಓದುತ್ತಾರೆ. 1955ರ ಮಾರ್ಚಿನಲ್ಲಿ ಐನ್‌ಸ್ಟೈನರ ಹಳೇ ಗೆಳೆಯ ಮಿಷೆಲ್ ಬೆಸ್ಸೋ ತೀರಿಕೊಂಡರು. ಮನೆಯವರಿಗೆ ಬರೆದ ಪತ್ರದಲ್ಲಿ ಐನ್‌ಸ್ಟೈನ್, ಭೂತ ವರ್ತಮಾನ ಭವಿಷ್ಯ ಅನ್ನುವ ಭೇದ ನಮ್ಮಂಥವರಿಗೆ ಬರೀ ಒಂದು ಮೊಂಡು ಭ್ರಮೆ ಅನ್ನುವ ಅರ್ಥದ ಮಾತು ಬರೆದರು. ಈ ಮಾತನ್ನು ಎಲ್ಲರೂ ಭೌತವಿಜ್ಞಾನ ಅಂತ ಎತ್ತಿ ಹೇಳುತ್ತಾರೆ. ಅದು ಸಾವಿನ ಮನೆಗೆ ಬರೆದ ಸಾಂತ್ವನದ ಪತ್ರ ಅನ್ನುವುದು ಮರೆತುಹೋಗುತ್ತದೆ. ಅದೇ ಮನುಷ್ಯ ಮೂರು ವಾರದ ಮೇಲೆ, ಏಪ್ರಿಲ್ 11ರಂದು, ಬರ್ಟ್ರಂಡ್ ರಸೆಲ್ ತಯಾರಿಸಿದ ಅಣ್ವಸ್ತ್ರ ವಿರೋಧಿ ಹೇಳಿಕೆಗೆ ಸಹಿ ಹಾಕಿದರು. ಏಪ್ರಿಲ್ 18ಕ್ಕೆ ತಾವೂ ಹೋದರು. ಹೋದವನ ಬಗ್ಗೆ ಬರೆಯುವಾಗ ಕಾಲ ಭ್ರಮೆ, ಬರಬಹುದಾದ ಯುದ್ಧದ ಬಗ್ಗೆ ಬರೆಯುವಾಗ ಸಹಿ. ನನಗಿದರಲ್ಲಿ ವಿರೋಧಾಭಾಸ ಕಾಣುತ್ತಿಲ್ಲ, ದಾರಿ ಕಾಣುತ್ತಿದೆ.

ಯಾಕೆ ಅಂತ ಹೇಳುತ್ತೇನೆ. ನಮ್ಮೂರ ಹತ್ತಿರ ಹೆದ್ದಾರಿಗೆ ಹಳ್ಳಿ ರಸ್ತೆ ಸೇರುವ ಒಂದು ತಿರುವು ಇದೆ. ದೀಪ ಇಲ್ಲ, ಹಂಪ್ ಇಲ್ಲ, ಪೊದೆ ಬೆಳೆದು ಎದುರಿನಿಂದ ಬರುವ ಲಾರಿ ಕಾಣುವುದಿಲ್ಲ. ಅಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಹೋಗಿ ಸತ್ತ, ಆ ಜಾಗದಲ್ಲಿ ಅದು ಮೂರನೆಯದು. ಅವನ ತಾಯಿ ‘ನಾನು ಹಾಲು ತಾ ಅಂತ ಕಳಿಸದಿದ್ದರೆ, ನಾನು ಕಳಿಸದಿದ್ದರೆ’ ಅಂತ ಅದೊಂದೇ ಮಾತು ಹೇಳುತ್ತಿದ್ದಳು. ಪಕ್ಕದ ಮನೆ ಅಜ್ಜಿ ಅವಳ ಕೈ ಹಿಡಿದುಕೊಂಡು ‘ನೀ ಏನ್ ಮಾಡ್ತೀಯವ್ವ, ಅವ್ನು ಕೇಳ್ಕಂಡು ಬಂದಿದ್ದೇ ಅಷ್ಟು’ ಅಂದಳು. ಆ ಮಾತಿಗೆ ಆ ಕ್ಷಣದಲ್ಲಿ ಬದಲಿ ಇರಲಿಲ್ಲ. ಯಾವ ವಿಚಾರವಾದಿಯೂ ಅಲ್ಲಿ ಹೋಗಿ ‘ಅಜ್ಜಿ, ಹಾಗೆಲ್ಲ ವಿಧಿ ಅನ್ನೋದಿಲ್ಲ’ ಅಂತ ತಿದ್ದಬಾರದು. ಹಾಗೆ ನೋಡಿದರೆ ಅಜ್ಜಿ ಹೇಳಿದ್ದು ಸುಳ್ಳೂ ಅಲ್ಲ. ಆಗಿಹೋದದ್ದು ನಿಜಕ್ಕೂ ನಿಯತ. ‘ಕಳಿಸದಿದ್ದರೆ’ ಅನ್ನುವ ದಾರಿಯಲ್ಲಿ ಯಾರೂ ವಾಪಸ್ಸು ನಡೆಯಲಾರರು.

ಮುಂದೆ ಕೆಲವರು ಸೇರಿ ಹಂಪ್ ಹಾಕಿಸಿ, ಪೊದೆ ಕಡಿಸಿ ಅಂತ ಅರ್ಜಿ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿ ಕೂತಿದ್ದವರು ಅರ್ಜಿ ಓದಿ, ನಿಟ್ಟುಸಿರು ಬಿಟ್ಟು, ‘ಆಯಸ್ಸು ಇಷ್ಟೇ ಅಂತ ಬರೆದಿದ್ರೆ ಹಂಪ್ ಹಾಕಿದ್ರೂ ಹೋಗ್ತಾರೆ ಬಿಡಿ’ ಅಂದರು.

ಅಜ್ಜಿ ಹೇಳಿದ ಮಾತೇ. ಆದರೆ ಅಜ್ಜಿ ಅದನ್ನು ನಿನ್ನೆಯ ಬಗ್ಗೆ ಹೇಳಿದಳು, ಇವರು ನಾಳೆಯ ಬಗ್ಗೆ ಹೇಳಿದರು. ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಲು ಹೊರಟದ್ದು ಇದನ್ನೇ. ವಿಧಿ ಅನ್ನುವ ಪದಕ್ಕೆ ಭೂತಕಾಲದಲ್ಲಿ ಒಂದು ಘನತೆ ಇದೆ, ಭವಿಷ್ಯತ್ಕಾಲಕ್ಕೆ ತಂದರೆ ಅದು ಕೆಲಸಗಳ್ಳತನ. ಇನ್ನೊಬ್ಬರ ಕಷ್ಟಕ್ಕೆ ಹಚ್ಚಿದರಂತೂ ಕ್ರೌರ್ಯ. ಅಜ್ಜಿಯ ಮಾತು ಕ್ರೌರ್ಯ ಆಗದಿದ್ದದ್ದು ಅವಳು ಹೇಳುತ್ತಾ ಕೈ ಹಿಡಿದುಕೊಂಡಿದ್ದಳು ಅಂತ.

‘ಹಂಪ್ ಹಾಕಿದರೂ ಹೋಗುತ್ತಾರೆ’ ಅನ್ನುವ ವಾದ ತುಂಬಾ ಹಳೆಯದು. ಗ್ರೀಕರು ಅದನ್ನು ಸೋಮಾರಿಯ ವಾದ ಅಂತಲೇ ಕರೆದರು. ವಾಸಿಯಾಗಬೇಕು ಅಂತ ಇದ್ದರೆ ವೈದ್ಯನನ್ನು ಕರೆದರೂ ಕರೆಯದಿದ್ದರೂ ವಾಸಿಯಾಗುತ್ತದೆ, ಸುಮ್ಮನೆ ಯಾಕೆ ಕರೆಯುವುದು? ಕ್ರಿಸಿಪ್ಪಸ್ ಅನ್ನುವವನು ಸ್ವತಃ ಪಕ್ಕಾ ವಿಧಿವಾದಿ, ಆದರೂ ಇದನ್ನು ಒಪ್ಪಲಿಲ್ಲ. ವಾಸಿಯಾಗುವುದು ಒಂದೇ ಬರೆದಿರುವುದಿಲ್ಲ, ವೈದ್ಯನನ್ನು ಕರೆಸುವುದೂ ಅದರ ಜೊತೆಗೇ ಬರೆದಿರುತ್ತದೆ ಅಂದ. ಅಂದರೆ ನಿಯತಿ ಇದ್ದರೂ ಅದು ನಮ್ಮ ಕೈಯನ್ನು ಬಿಟ್ಟು ಆಚೆಯಿಂದ ಹೋಗುವುದಿಲ್ಲ, ಕೈ ಮೂಲಕವೇ ಹೋಗುತ್ತದೆ. ಸಿಡುಬಿನ ವಿಷಯದಲ್ಲಿ ಹಾಗೇ ಆಯಿತು. ಶತಮಾನಗಳ ಕಾಲ ಅದು ಅಮ್ಮನ ಇಚ್ಛೆ, ಹಣೆಬರಹ. ಊರೂರು ಅಲೆದು ಮುಳ್ಳು ಚುಚ್ಚಿದರು, 1975ರ ಮೇ ತಿಂಗಳಿಗೆ ದೇಶದ ಕೊನೆಯ ಪ್ರಕರಣ ಮುಗಿಯಿತು, 1980ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹಣೆಯಲ್ಲಿ ಬರೆದಿದ್ದು ತೋಳಿನ ಮೇಲಿನ ಕಲೆಗೆ ಸೋತಿತು.

ರಸ್ತೆಯ ಲೆಕ್ಕ ಇನ್ನೂ ಹಾಗಾಗಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಅನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಹತ್ತರಲ್ಲಿ ಸುಮಾರು ಏಳು ಸಾವಿನ ಹಿಂದೆ ಅತಿವೇಗ ಇದೆಯಂತೆ. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರ ಆಯಸ್ಸು ಒಂದೇ ವರ್ಷ, ಅದೂ ಟಾರಿನ ಮೇಲೆಯೇ ಮುಗಿಯಬೇಕು ಅಂತ ಬ್ರಹ್ಮ ಯಾಕೆ ಬರೆಯುತ್ತಾನೆ ಸ್ವಾಮಿ? ಅವನಿಗೇನು ನಮ್ಮ ಗುತ್ತಿಗೆದಾರರ ಜೊತೆ ಒಪ್ಪಂದ ಇದೆಯಾ?

ನಮ್ಮ ಪುರಾಣಗಳೆಲ್ಲ ವಿಧಿಯ ಪರ ಅನ್ನುವವರು ಮಹಾಭಾರತದ ವನಪರ್ವ ತೆಗೆದು ನೋಡಬೇಕು. ದ್ಯೂತದಲ್ಲಿ ಎಲ್ಲ ಕಳೆದು ಕಾಡಿಗೆ ಬಂದು ಕೂತ ಧರ್ಮರಾಯನಿಗೆ ದ್ರೌಪದಿ ಪಾಠ ಹೇಳುತ್ತಾಳೆ. ಫಲ ಬರುವುದು ಮೂರು ಕಡೆಯಿಂದ, ದೈವದಿಂದ, ಆಕಸ್ಮಿಕದಿಂದ, ನಮ್ಮ ಕೆಲಸದಿಂದ. ದೈವವನ್ನೇ ನೆಚ್ಚಿ ಸುಮ್ಮನೆ ಮಲಗಿದವನು ಸುಡದ ಹಸಿ ಮಡಕೆ ನೀರಿನಲ್ಲಿ ಕರಗಿದ ಹಾಗೆ ಕರಗುತ್ತಾನೆ ಅನ್ನುತ್ತಾಳೆ. ಇಲ್ಲೂ ಮಡಕೆ ನೋಡಿ! ಆಮೇಲೆ ರೈತನ ಮಾತು ತೆಗೆಯುತ್ತಾಳೆ. ಅವನು ಉತ್ತು ಬಿತ್ತಿದ ಮೇಲೆ ಕಾಯುತ್ತಾನೆ, ಇನ್ನು ಮಳೆಯ ಕೆಲಸ. ಮಳೆ ಬರದಿದ್ದರೆ ಅವನ ಮೇಲೆ ತಪ್ಪಿಲ್ಲ. ಎಷ್ಟು ಚೆನ್ನಾಗಿ ಗೆರೆ ಎಳೆದಿದ್ದಾಳೆ! ಬಿತ್ತದೇ ಇದ್ದವನು ಮಳೆಯನ್ನು ಬೈಯುವ ಹಾಗಿಲ್ಲ, ಬಿತ್ತಿದವನನ್ನು ನಾವು ಬೈಯುವ ಹಾಗಿಲ್ಲ. ಸೋತು ಕೂತ ಗಂಡನಿಗೆ, ಅವಮಾನ ತಿಂದ ಹೆಂಗಸು ಹೇಳಿದ ಮಾತಿದು, ಶಾಲಾ ಪ್ರಾರ್ಥನೆಯ ವೇಳೆ ಓದುವ ಸುಭಾಷಿತ ಅಲ್ಲ.

ಭವಿಷ್ಯ ನಕಾಶೆಯಲ್ಲಿ ಆಗಲೇ ಇದೆಯೋ ಇಲ್ಲವೋ ಅನ್ನುವ ಜಗಳವನ್ನು ಭೌತವಿಜ್ಞಾನಿಗಳು ಮುಗಿಸಿದ ಮೇಲೂ ಆ ತಿರುವಿನ ಪೊದೆಯನ್ನು ಯಾರಾದರೂ ಕಡಿಯಲೇಬೇಕಾಗುತ್ತದೆ. ಅರ್ಜಿ ಎರಡನೇ ಸಲ ಕೊಟ್ಟಿದ್ದೇವೆ.

ಕುಂಬಾರನ ಕಥೆಗೆ ಇನ್ನೊಂದು ತುಂಡು ಉಳಿದಿದೆ. ಅವನು ಪಕ್ಷ ಬದಲಿಸಿದ ಸುದ್ದಿ ಗೋಸಾಲನಿಗೆ ಮುಟ್ಟಿತು. ಪ್ರಯತ್ನ ಅನ್ನುವುದೇ ಇಲ್ಲ ಅಂತ ಜೀವಮಾನವೆಲ್ಲ ಬೋಧಿಸಿದ ಗೋಸಾಲ, ಶಿಷ್ಯನನ್ನು ಮತ್ತೆ ಒಲಿಸಿಕೊಳ್ಳಬೇಕು ಅಂತ ಹೊರಟು ಪೋಲಾಸಪುರಕ್ಕೆ ಬಂದ. ಕುಂಬಾರ ಎದ್ದು ನಿಲ್ಲಲೂ ಇಲ್ಲ. ಗೋಸಾಲ ಮಹಾವೀರನನ್ನು ಹೊಗಳಿ ಮಾತಾಡಿದ ಮೇಲೆ, ನನ್ನ ಗುರುವನ್ನು ಹೊಗಳಿದೆ ಅಂತ ಮಾತ್ರ ಕೊಡುತ್ತಿದ್ದೇನೆ, ಪುಣ್ಯಕ್ಕಲ್ಲ ಅಂತ ಹೇಳಿ ಉಳಿಯಲು ಜಾಗ ಕೊಟ್ಟ. ಗೋಸಾಲ ಅಲ್ಲಿದ್ದು ಬಗೆಬಗೆಯಾಗಿ ಹೇಳಿ ನೋಡಿದ. ಆಗಲಿಲ್ಲ. ಮತ್ತೆ ಊರು ಬಿಟ್ಟು ನಡೆದ.